ಹೋಂಡಾ ಪಾಯಿಂಟ್: ದಡದ ಠಾಣೆಯದ್ದಲ್ಲ ತಪ್ಪು

ಸಂಪಾದಕರಿಗೆ,

ಮಾನ್ಯರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಅಮೆರಿಕದ ಏಳು ಯುದ್ಧನೌಕೆಗಳು ಒಂದೇ ರಾತ್ರಿ ಕ್ಯಾಲಿಫೋರ್ನಿಯಾ ದಡದ ಹೋಂಡಾ ಪಾಯಿಂಟ್‌ನಲ್ಲಿ ಬಂಡೆಗೆ ಬಡಿದು ಒಡೆದ ಕಥೆಯನ್ನು ಚಿತ್ರಸಹಿತ ಪ್ರಕಟಿಸಿದ್ದೀರಿ. 1923ರ ಸೆಪ್ಟೆಂಬರ್ 8ರ ಆ ದುರಂತದ ವಿವರ ಕನ್ನಡದಲ್ಲಿ ಬಂದದ್ದು ಸಂತೋಷ. ಆದರೆ ಲೇಖನದ ನಡುವೆ ಒಂದು ವಾಕ್ಯವಿದೆ: ದಡದ ರೇಡಿಯೊ ಠಾಣೆ ಕೊಟ್ಟ ತಪ್ಪು ದಿಕ್ಕನ್ನು ನಂಬಿ ನೌಕೆಗಳು ಬಂಡೆಯತ್ತ ತಿರುಗಿದವಂತೆ. ಇದು ಪೂರ್ತಿ ತಲೆಕೆಳಗು. ಠಾಣೆ ಸರಿಯಾದ ದಿಕ್ಕನ್ನೇ ಕೊಟ್ಟಿತ್ತು. ಅದನ್ನು ನಂಬದ ಕಾರಣಕ್ಕೆ ನೌಕೆಗಳು ಹೋದವು. ಹಡಗುಗಳಲ್ಲಿ ರೇಡಿಯೊ ಅಧಿಕಾರಿಯಾಗಿ ದುಡಿದು ನಿವೃತ್ತನಾದವನು ನಾನು. ಆ ಠಾಣೆಯಿದ್ದ ಪಾಯಿಂಟ್ ಆರ್ಗ್ವೆಲೊ ಭೂಶಿರದ ಕೋಣೆಯಲ್ಲಿ ಅಂದು ಹೆಡ್‌ಫೋನ್ ಹಾಕಿ ಕುಳಿತಿದ್ದವರು ನನ್ನ ವೃತ್ತಿಬಾಂಧವರು. ಇಪ್ಪತ್ತಮೂರು ಸಾವಿನ ಹೊರೆಯನ್ನು ಅವರ ತಲೆಗೆ ಕಟ್ಟಿದ್ದನ್ನು ಓದಿ ಸುಮ್ಮನಿರಲು ಆಗಲಿಲ್ಲ. ಪತ್ರ ಉದ್ದವಾಗುತ್ತದೆ, ಕ್ಷಮಿಸಿ. ಕತ್ತರಿಸಲೇಬೇಕಾದರೆ ಕೊನೆಯ ಭಾಗವನ್ನು ಮಾತ್ರ ಕತ್ತರಿಸಬೇಡಿ.

ನಡೆದದ್ದು ಹೀಗೆ. ಸ್ಯಾನ್ ಫ್ರಾನ್ಸಿಸ್ಕೊದಿಂದ ಸ್ಯಾನ್ ಡಿಯಾಗೊಗೆ ಡಿಸ್ಟ್ರಾಯರ್ ಎಂಬ ಜಾತಿಯ ಹದಿನಾಲ್ಕು ಯುದ್ಧನೌಕೆಗಳು 20 ನಾಟ್, ಅಂದರೆ ಗಂಟೆಗೆ 20 ನಾವಿಕ ಮೈಲಿ ವೇಗದಲ್ಲಿ ಹೊರಟಿದ್ದವು. ಎಲ್ಲಕ್ಕೂ ಮುಂದೆ ಡೆಲ್ಫಿ. ತುಕಡಿಯ ಮುಖ್ಯಸ್ಥ ಕ್ಯಾಪ್ಟನ್ ಎಡ್ವರ್ಡ್ ವಾಟ್ಸನ್ ಅದರಲ್ಲಿದ್ದ. ಡೆಲ್ಫಿಯ ಕಮಾಂಡರ್ ಡೊನಾಲ್ಡ್ ಹಂಟರ್ ದಾರಿಯ ಲೆಕ್ಕವನ್ನು ತನ್ನ ಕೈಯಲ್ಲೇ ಇಟ್ಟುಕೊಂಡಿದ್ದ. ಆತ ನೌಕಾ ಅಕಾಡೆಮಿಯಲ್ಲಿ ಅದೇ ವಿದ್ಯೆಯನ್ನು ಪಾಠ ಹೇಳಿದ್ದವನು, ಸಾಮಾನ್ಯನಲ್ಲ. ಆರ್ಗ್ವೆಲೊ ಭೂಶಿರವನ್ನು ದಾಟಿದ ಮೇಲೆ ಎಡಕ್ಕೆ, ಅಂದರೆ ಪೂರ್ವಕ್ಕೆ ತಿರುಗಿ ಸಾಂಟಾ ಬಾರ್ಬರಾ ಕಾಲುವೆಯೊಳಗೆ ಹೋಗುವುದು ಯೋಜನೆ. ಮಂಜು ಕವಿದಿತ್ತು, ದೀಪಸ್ತಂಭ ಕಾಣುತ್ತಿರಲಿಲ್ಲ. ಆಳ ಅಳೆಯಬೇಕಾದರೆ ವೇಗ ಇಳಿಸಬೇಕಿತ್ತು. ಅದು ವೇಗದ ಪರೀಕ್ಷೆಯ ಓಟವಾದ್ದರಿಂದ ಇಳಿಸಲಿಲ್ಲ. ಪ್ರೊಪೆಲ್ಲರ್ ಎಷ್ಟು ಸುತ್ತು ಸುತ್ತಿತು ಎಂಬುದರ ಮೇಲೆ ಬಂದ ದೂರವನ್ನು ಲೆಕ್ಕಹಾಕಿದರು. ಹಿಂದಿನಿಂದ ದೊಡ್ಡ ಅಲೆಗಳು ಎತ್ತಿದಾಗ ಪ್ರೊಪೆಲ್ಲರ್ ನೀರಿನ ಹಿಡಿತ ತಪ್ಪಿ ಸುಮ್ಮನೆ ಗಿರಗಿರನೆ ತಿರುಗುತ್ತದೆ. ಸುತ್ತು ಲೆಕ್ಕಕ್ಕೆ ಸೇರುತ್ತದೆ, ಹಡಗು ಮುಂದೆ ಹೋಗಿರುವುದಿಲ್ಲ. ಒಂದು ವಾರದ ಹಿಂದೆ ಜಪಾನಿನಲ್ಲಿ ಮಹಾಭೂಕಂಪವಾಗಿತ್ತು, ಅದರಿಂದ ಸಮುದ್ರದ ಸೆಳೆತ ಬದಲಾಗಿತ್ತು ಎಂದು ನಿಮ್ಮ ಲೇಖಕರು ಖಚಿತವಾಗಿ ಬರೆದಿದ್ದಾರೆ. ಹಾಗಿರಬಹುದು ಎಂದು ಹೇಳುವವರು ಇದ್ದಾರೆ, ಅದು ಸಾಬೀತಾದ ಸಂಗತಿಯಲ್ಲ. ಅದೇ ದಿನ ಬೆಳಗಿನ ಜಾವ ಕ್ಯೂಬಾ ಎಂಬ ಪ್ರಯಾಣಿಕ ಹಡಗು ಅಲ್ಲಿಗೆ ಸಮೀಪದ ಸ್ಯಾನ್ ಮಿಗೆಲ್ ದ್ವೀಪದ ಬಂಡೆ ಹತ್ತಿತ್ತು ಎಂಬುದು ಮಾತ್ರ ನಿಜ.

ಆ ಸಂಜೆಯಿಡೀ ಆರ್ಗ್ವೆಲೊ ಠಾಣೆ ಡೆಲ್ಫಿಗೆ ಬೇರಿಂಗ್, ಅಂದರೆ ಠಾಣೆಯಿಂದ ಹಡಗು ಇರುವ ದಿಕ್ಕನ್ನು ಉತ್ತರದಿಂದ ಪ್ರದಕ್ಷಿಣವಾಗಿ ಡಿಗ್ರಿಯಲ್ಲಿ ಎಣಿಸಿ, ಕೊಡುತ್ತಲೇ ಇತ್ತು. ರಾತ್ರಿ ಎಂಟೂವರೆ ದಾಟಿದ ಮೇಲೆ ಬಂದ ಬೇರಿಂಗ್ ಸುಮಾರು 330 ಡಿಗ್ರಿ. ಅರ್ಥ ಸರಳ: ನೀವು ನಮ್ಮಿಂದ ವಾಯವ್ಯಕ್ಕಿದ್ದೀರಿ, ಭೂಶಿರವನ್ನು ಇನ್ನೂ ದಾಟಿಲ್ಲ. ಹಂಟರ್ ಲೆಕ್ಕದ ಪ್ರಕಾರ ದಾಟಿಯಾಗಿತ್ತು. ಠಾಣೆ ಎದುರು ದಿಕ್ಕನ್ನು ಹೇಳುತ್ತಿದೆ ಎಂದು ಆತ ತೀರ್ಮಾನಿಸಿದ. ಒಂಬತ್ತು ಗಂಟೆಗೆ ಡೆಲ್ಫಿ 95 ಡಿಗ್ರಿಗೆ ತಿರುಗಿತು. ಐದು ನಿಮಿಷದಲ್ಲಿ ಬಂಡೆ. ಹಿಂದೆ ಬರುತ್ತಿದ್ದ ಎಸ್.ಪಿ. ಲೀ, ಯಂಗ್, ವುಡ್‌ಬರಿ, ನಿಕೊಲಸ್, ಫುಲ್ಲರ್, ಚಾನ್ಸಿ ಒಂದರ ಹಿಂದೆ ಒಂದು ಅದೇ ಬಂಡೆಸಾಲಿಗೆ ಬಂದು ಸೇರಿದವು. ಯಂಗ್ ಮಗುಚಿತು. ಸತ್ತವರಲ್ಲಿ ಇಪ್ಪತ್ತು ಮಂದಿ ಅದರವರೇ. ಹಿಂದಿದ್ದ ನೌಕೆಗಳು ತಾವಾಗಿ ಬೇರಿಂಗ್ ಕೇಳಬಾರದು ಎಂಬ ಆಜ್ಞೆ ಇತ್ತು ಎಂಬುದನ್ನು ಲೇಖನ ಹೇಳುವುದೇ ಇಲ್ಲ. ನನ್ನ ಪ್ರಕಾರ ಇಡೀ ಕಥೆಯಲ್ಲಿ ಅತ್ಯಂತ ಕೆಟ್ಟ ಆಜ್ಞೆ ಅದು.

ಹಂಟರ್ ದಡ್ಡನೇನೂ ಅಲ್ಲ, ಅವನ ಅಪನಂಬಿಕೆಗೆ ಕಾರಣವಿತ್ತು. ಅಂದು ದಿಕ್ಕು ಹಿಡಿಯುತ್ತಿದ್ದದ್ದು ತಂತಿ ಸುತ್ತಿದ ಲೂಪ್ ಆಂಟೆನಾದಿಂದ. ಲೂಪನ್ನು ತಿರುಗಿಸಿದಂತೆ ಕಿವಿಗೆ ಬೀಳುವ ದನಿ ಹೆಚ್ಚುತ್ತದೆ, ಕಡಿಮೆಯಾಗುತ್ತದೆ. ಹೆಚ್ಚಾಗುವ ಜಾಗ ಮೊಂಡು. ಐದು ಡಿಗ್ರಿ ಆಚೆ ಈಚೆ ತಿರುಗಿಸಿದರೂ ಕಿವಿಗೆ ವ್ಯತ್ಯಾಸ ತಿಳಿಯದು. ದನಿ ಸತ್ತುಹೋಗುವ ಜಾಗ ಮಾತ್ರ ಬಹಳ ಚೂಪು. ಆದ್ದರಿಂದ ಅದನ್ನೇ ಓದುವುದು. ತೊಂದರೆಯೆಂದರೆ ಒಂದು ಸುತ್ತಿನಲ್ಲಿ ದನಿ ಎರಡು ಕಡೆ ಸಾಯುತ್ತದೆ, ಸರಿಯಾಗಿ 180 ಡಿಗ್ರಿ ಅಂತರದಲ್ಲಿ. ಹಡಗು ಲೂಪಿನ ಯಾವ ಮಗ್ಗುಲಿಗಿದೆ ಎಂದು ಲೂಪಿಗೆ ಗೊತ್ತಿಲ್ಲ. ನೆಟ್ಟಗೆ ನಿಲ್ಲಿಸಿದ ಇನ್ನೊಂದು ಆಂಟೆನಾವನ್ನು ಅದಕ್ಕೆ ಜೋಡಿಸಿದರೆ ಒಂದು ಮಗ್ಗುಲಿನ ದನಿ ಏರಿ ಇನ್ನೊಂದರದ್ದು ಇಳಿಯುತ್ತದೆ, ಅನುಮಾನ ತೀರುತ್ತದೆ. ನಮ್ಮ ಕಾಲದ ಸೆಟ್ಟುಗಳಲ್ಲಿ ಅದಕ್ಕೊಂದು ಗುಂಡಿಯೇ ಇತ್ತು. ಆರ್ಗ್ವೆಲೊದಲ್ಲಿ ಅಂದು ಇದ್ದದ್ದು ಎರಡೂ ಕಡೆ ಒಂದೇ ರೀತಿ ಕೇಳುವ ಸಾಧನ. ಅದೇ ಮಧ್ಯಾಹ್ನ ಠಾಣೆ ಒಮ್ಮೆ ಎದುರು ದಿಕ್ಕಿನ ಅಂಕಿಯನ್ನೇ ಕೊಟ್ಟು, ನಾವು ನಿಮ್ಮ ಉತ್ತರಕ್ಕಿದ್ದೇವೆ ಎಂದು ಡೆಲ್ಫಿಯಿಂದ ಹೇಳಿಸಿಕೊಂಡಿತ್ತು. ಹಂಟರ್ ಮನಸ್ಸಿನಲ್ಲಿ ಅದು ಕುಳಿತುಬಿಟ್ಟಿರಬೇಕು.

ಆದರೂ ನನಗೆ ಅರ್ಥವಾಗದ್ದು ಬೇರೆಯೇ ಇದೆ. ದಕ್ಷಿಣಕ್ಕೆ ಹೋಗುವ ಹಡಗು ಪೂರ್ವ ದಡದ ಮೇಲಿನ ಠಾಣೆಯನ್ನು ದಾಟಿದರೆ ಠಾಣೆಯವರ ಬೇರಿಂಗ್ ವಾಯವ್ಯದಿಂದ ಪಶ್ಚಿಮಕ್ಕೆ, 270ರ ಮೂಲಕ ನೈಋತ್ಯಕ್ಕೆ ಬೀಸಿಕೊಂಡು ಹೋಗಲೇಬೇಕು. ಹತ್ತಿರದಲ್ಲಿ ದಾಟಿದಷ್ಟೂ ಬೇಗ ಬೇಗ ಬದಲಾಗುತ್ತದೆ. ಎದುರು ದಿಕ್ಕಿನ ಗೊಂದಲ ಇಟ್ಟುಕೊಂಡರೂ ಆ ಬೀಸು ಅಡಗುವುದಿಲ್ಲ. 330 ಆದರೇನು, 150 ಆದರೇನು, ನಡುವೆ 270 ಅಥವಾ ಅದರ ಎದುರಿನ 90 ಒಮ್ಮೆ ಬಂದೇ ಬರಬೇಕು. ಸಂಜೆಯಿಂದ ಬಂದ ಬೇರಿಂಗ್‌ಗಳನ್ನು ಒಂದೇ ಹಾಳೆಯಲ್ಲಿ ಸಾಲಾಗಿ ಬರೆದು ನೋಡಿದ್ದರೆ ಭೂಶಿರ ಇನ್ನೂ ಮುಂದಿದೆ ಎಂದು ಹೊಸದಾಗಿ ಸೇರಿದ ಹುಡುಗನೂ ಹೇಳುತ್ತಿದ್ದ. ಒಂದೊಂದೇ ಬೇರಿಂಗನ್ನು ನೋಡಿ ಬದಿಗಿಟ್ಟರೆ ಇದು ಕಾಣುವುದಿಲ್ಲ.

ನಿಮ್ಮ ಚಿತ್ರದಲ್ಲೂ ಇದೇ ಎಡವಟ್ಟಾಗಿದೆ. 330 ಎಂದು ಬರೆದ ಬಾಣವನ್ನು ಹಡಗಿನಿಂದ ಹೊರಡಿಸಿ ಠಾಣೆಯತ್ತ ಎಳೆದಿದ್ದಾರೆ. ಠಾಣೆ ಕೊಡುವ ಬೇರಿಂಗ್ ಠಾಣೆಯಿಂದ ಹೊರಡುತ್ತದೆ. ಮೋರ್ಸ್‌ನಲ್ಲಿ ನಾವು ಕ್ಯು.ಟಿ.ಇ. ಎಂದು ಕೇಳುತ್ತಿದ್ದ ಪ್ರಶ್ನೆಯ ಅರ್ಥವೇ 'ನಿಮ್ಮಿಂದ ನೋಡಿದರೆ ನಾನು ಯಾವ ದಿಕ್ಕಿನಲ್ಲಿದ್ದೇನೆ' ಎಂದು. ನಿಮ್ಮ ಬಾಣದ ಪ್ರಕಾರ ನಡೆದರೆ ಓದುಗರೂ ಹಂಟರ್ ಹೋದ ಕಡೆಗೇ ಹೋಗುತ್ತಾರೆ. ದಯವಿಟ್ಟು ತಿದ್ದುಪಡಿ ಹಾಕುವಾಗ ಚಿತ್ರವನ್ನೂ ಸರಿಪಡಿಸಿ.

ಈಗ ಲೇಖನದ ಇನ್ನೊಂದು ಮಾತು. 'ಆ ಕಾಲದ ರೇಡಿಯೊ ದಿಕ್ಸೂಚಿ ನಂಬಲು ಯೋಗ್ಯವಾದದ್ದೇ ಅಲ್ಲ' ಎಂದು ಒಂದೇ ಏಟಿಗೆ ತಳ್ಳಿಹಾಕಿದ್ದಾರೆ. ನಂಬಿಕೆ ಯಂತ್ರದೊಳಗೆ ಕಾರ್ಖಾನೆಯಲ್ಲಿ ಹಾಕಿ ಕಳಿಸುವ ವಸ್ತುವಲ್ಲ. ಅದನ್ನು ದಡದಲ್ಲಿ, ಬಿಸಿಲಿನಲ್ಲಿ ನಿಂತು ಗಳಿಸಬೇಕಾಗುತ್ತದೆ. ಯಂತ್ರ ಹೇಳಿದ ದಿಕ್ಕನ್ನು ನಿಜವಾದ ದಿಕ್ಕಿನೊಂದಿಗೆ ತಾಳೆ ನೋಡುವ ಆ ಕೆಲಸಕ್ಕೆ ನಾವು ಕ್ಯಾಲಿಬ್ರೇಷನ್ ಎನ್ನುತ್ತೇವೆ. ಹೋಂಡಾ ಪಾಯಿಂಟ್ ಬಗ್ಗೆ ಬರೆಯುವವರು ಬಂಡೆ, ಮಂಜು, ಮಗುಚಿದ ಹಡಗುಗಳನ್ನೆಲ್ಲ ಬರೆಯುತ್ತಾರೆ. ಈ ಬೇಸರದ ಕೆಲಸದ ಬಗ್ಗೆ ಯಾರೂ ಬರೆಯುವುದಿಲ್ಲ.

ದಡದ ಠಾಣೆಯನ್ನು ಕ್ಯಾಲಿಬ್ರೇಟ್ ಮಾಡುವುದು ಹೀಗೆ. ಠಾಣೆಯಿಂದ ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಒಂದು ಹಡಗು ಠಾಣೆಯನ್ನೇ ಕೇಂದ್ರವಾಗಿಟ್ಟುಕೊಂಡು ಕಮಾನಿನಂತೆ ನಿಧಾನವಾಗಿ ಸಾಗುತ್ತದೆ. ಸಾಗುತ್ತಾ ರೇಡಿಯೊದಲ್ಲಿ ಡ್ಯಾಶ್‌ಗಳನ್ನು, ಅಂದರೆ ಎಳೆದ ದನಿಗಳನ್ನು ಕಳಿಸುತ್ತದೆ. ಲೂಪಿನ ಪಕ್ಕದಲ್ಲೇ ಥಿಯೊಡೊಲೈಟ್ ಎಂಬ ಕೋನ ಅಳೆಯುವ ದುರ್ಬೀನು ಇಟ್ಟುಕೊಂಡು ಒಬ್ಬ ಹಡಗಿನ ಮಾಸ್ಟ್ ಮೇಲೆ ಕಣ್ಣಿಟ್ಟಿರುತ್ತಾನೆ. ಒಳಗೆ ಇನ್ನೊಬ್ಬ ಹೆಡ್‌ಫೋನಿನಲ್ಲಿ ದನಿ ಸಾಯುವ ಜಾಗ ಹುಡುಕುತ್ತಾನೆ. ಇಬ್ಬರೂ ಒಂದೇ ಗಳಿಗೆಯಲ್ಲಿ ಓದಬೇಕು. ಅದಕ್ಕೆ ಡ್ಯಾಶ್ ಮುಗಿಯುವ ಕ್ಷಣಕ್ಕೆ ಹಡಗಿನವರು ಬಾವುಟ ಇಳಿಸುತ್ತಾರೆ, ಇಲ್ಲವೇ ಗಡಿಯಾರ ಹೊಂದಿಸಿಕೊಂಡು ಎರಡೂ ಕಡೆ ಸಮಯ ಬರೆದುಕೊಳ್ಳುತ್ತಾರೆ. ಥಿಯೊಡೊಲೈಟ್ ಹೇಳಿದ್ದು 247, ಕಿವಿ ಹೇಳಿದ್ದು 249 ಎಂದರೆ ಆ ದಿಕ್ಕಿಗೆ ಎರಡು ಡಿಗ್ರಿ ಕಳೆಯಬೇಕು ಎಂದಾಯಿತು. ಕೆಲವು ಡಿಗ್ರಿ ಮುಂದೆ ಸರಿದು ಮತ್ತೆ. ಹೀಗೆ ಕಮಾನಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ. ಆಮೇಲೆ ಹಡಗು ಹಿಂದಕ್ಕೆ ಬಂದು ಅದೇ ಕಮಾನನ್ನು ಇನ್ನೊಮ್ಮೆ ಹಾಯಬೇಕು, ಏಕೆಂದರೆ ಒಂದು ಸಲದ ಅಂಕಿ ಅದೃಷ್ಟದ್ದೂ ಇರಬಹುದು. ತರಂಗಾಂತರ ಬದಲಾದರೆ ತಪ್ಪಿನ ಪ್ರಮಾಣವೂ ಬದಲಾಗುತ್ತದೆ. ಆದ್ದರಿಂದ ಬಳಕೆಯ ಪ್ರತಿ ತರಂಗಾಂತರಕ್ಕೂ ಬೇರೆ ಓಟ. ಮಬ್ಬು ಕವಿದು ಹಡಗು ಕಾಣದಿದ್ದರೆ ಅಂದಿನ ಕೆಲಸ ಅಲ್ಲಿಗೇ ನಿಂತಿತು, ಅಥವಾ ಹಡಗಿನವರೇ ದಡದ ಮೂರು ಗುರುತುಗಳ ನಡುವಿನ ಕೋನವನ್ನು ಸೆಕ್ಸ್‌ಟಂಟಿನಿಂದ ಹಿಡಿದು ತಾವಿರುವ ಜಾಗ ಗೊತ್ತುಮಾಡಿಕೊಳ್ಳಬೇಕು.

ಕೊನೆಗೆ ಗ್ರಾಫ್ ಹಾಳೆಯ ಮೇಲೆ ಒಂದು ಗೆರೆ ಸಿಗುತ್ತದೆ. ಆ ಗೆರೆ ನೆಟ್ಟಗಿರಬೇಕೆಂದಿಲ್ಲ, ಸೊಟ್ಟಗಿದ್ದರೂ ಅಡ್ಡಿಯಿಲ್ಲ. ಪ್ರತಿ ಸಲವೂ ಅದೇ ಸೊಟ್ಟ ಬಂದರೆ ಸಾಕು, ತಿದ್ದಿಕೊಳ್ಳಬಹುದು. ಒಂದು ಓಟದಲ್ಲಿ ಮೂರು ಡಿಗ್ರಿ ಎಡಕ್ಕೆ, ಮರು ಓಟದಲ್ಲಿ ಎರಡು ಡಿಗ್ರಿ ಬಲಕ್ಕೆ ಬಂದರೆ ಆ ದಿಕ್ಕನ್ನು ಕೈಬಿಡಬೇಕು. ಠಾಣೆಗಳ ಪಟ್ಟಿಯಲ್ಲಿ ಇಷ್ಟರಿಂದ ಇಷ್ಟು ಡಿಗ್ರಿಯವರೆಗೆ ಕ್ಯಾಲಿಬ್ರೇಟ್ ಆಗಿದೆ, ಅದರಾಚೆಯ ಬೇರಿಂಗ್ ನೆಚ್ಚಬೇಡಿ ಎಂದು ಅಚ್ಚುಹಾಕುತ್ತಿದ್ದರು. ಬೇರಿಂಗ್ ಕೊಡುವಾಗಲೂ ದರ್ಜೆ ಹೇಳುವ ಪದ್ಧತಿಯಿತ್ತು: ಎರಡು ಡಿಗ್ರಿಯೊಳಗಿನ ನಂಬಿಕೆಯಿದ್ದರೆ ಎ, ಐದರೊಳಗೆ ಬಿ, ಹತ್ತರೊಳಗೆ ಸಿ. ತನಗೆ ಎಷ್ಟು ಗೊತ್ತಿಲ್ಲ ಎಂಬುದನ್ನು ಅಂಕಿಯ ಪಕ್ಕದಲ್ಲೇ ಹೇಳುವ ಈ ಮರ್ಯಾದೆ ಇಂದಿನ ಮೊಬೈಲ್ ನಕ್ಷೆಗಳಿಗೆ ಇನ್ನೂ ಪೂರ್ತಿ ಬಂದಿಲ್ಲ.

ತಪ್ಪು ಎಲ್ಲಿಂದ ಬರುತ್ತದೆ? ಬಹುಪಾಲು ಸುತ್ತಲಿನ ಲೋಹದಿಂದ. ತಂತಿ ಬೇಲಿ, ಟೆಲಿಫೋನ್ ತಂತಿ, ತಗಡಿನ ಚಾವಣಿ, ನೀರಿನ ಕೊಳವೆ, ಯಾವುದೇ ಆದರೂ ಬಂದ ತರಂಗವನ್ನು ಹಿಡಿದು ಮತ್ತೆ ಉಗುಳುತ್ತದೆ, ಲೂಪಿಗೆ ಎರಡು ಕಡೆಯಿಂದ ದನಿ ಬಂದಂತಾಗುತ್ತದೆ. ಠಾಣೆಯ ಅಂಗಳದಲ್ಲಿ ಯಾರೋ ಬಟ್ಟೆ ಒಣಗಿಸಲು ಕಬ್ಬಿಣದ ತಂತಿ ಕಟ್ಟಿದರೂ ಹಳೆಯ ಗೆರೆ ಕೆಲಸಕ್ಕೆ ಬಾರದು ಎಂದು ತರಬೇತಿ ಶಾಲೆಯಲ್ಲಿ ನಮಗೆ ಹೇಳುತ್ತಿದ್ದರು. ಆಮೇಲೆ ದಡದಂಚು. ನೆಲದ ಮೇಲಿಗಿಂತ ಸಮುದ್ರದ ಮೇಲೆ ತರಂಗ ತುಸು ವೇಗವಾಗಿ ಸಾಗುತ್ತದೆ. ಆದ್ದರಿಂದ ದಡವನ್ನು ಓರೆಯಾಗಿ ದಾಟುವಾಗ ಬಾಗುತ್ತದೆ. ನೇರವಾಗಿ ದಾಟಿ ಬಂದರೆ ತೊಂದರೆಯಿಲ್ಲ. ದಡಕ್ಕೆ ಇಪ್ಪತ್ತು ಡಿಗ್ರಿಯೊಳಗೆ, ಅಂಚನ್ನು ಸವರಿಕೊಂಡು ಬಂದರೆ ಕೆಲವು ಡಿಗ್ರಿ ಹೆಚ್ಚುಕಡಿಮೆ ಆಗಬಹುದು. ಠಾಣೆಗಳನ್ನು ಭೂಶಿರದ ತುದಿಯಲ್ಲಿ, ನೀರಿಗೆ ಆದಷ್ಟು ಹತ್ತಿರ ಕಟ್ಟುತ್ತಿದ್ದದ್ದು ಅದಕ್ಕೇ.

ಮೂರನೆಯದು ರಾತ್ರಿ. ಸೂರ್ಯಾಸ್ತದ ಒಂದು ಗಂಟೆ ಮುಂಚಿನಿಂದ ಸೂರ್ಯೋದಯದ ಒಂದು ಗಂಟೆ ನಂತರದವರೆಗೆ ಆಕಾಶಕ್ಕೆ ಹೋಗಿ ಮರಳುವ ತರಂಗ ನೆಲದ ತರಂಗದ ಜೊತೆ ಬೆರೆತು ಲೂಪಿನ ಅಡ್ಡ ತಂತಿಗಳಲ್ಲಿ ಇಲ್ಲದ ದನಿ ಹುಟ್ಟಿಸುತ್ತದೆ. ದನಿ ಸಾಯುವ ಜಾಗ ಮಸುಕಾಗುತ್ತದೆ, ಒಮ್ಮೊಮ್ಮೆ ಕೈಕೆಳಗೇ ಜಾರುತ್ತದೆ. ಬ್ರಿಟನ್ನಿನ ಫ್ರಾಂಕ್ ಆಡ್‌ಕಾಕ್ 1919ರಲ್ಲಿ ಪೇಟೆಂಟ್ ಪಡೆದ ಆಂಟೆನಾ ಆ ಅಡ್ಡ ತಂತಿಗಳ ಕಾಟವನ್ನೇ ತೆಗೆದುಹಾಕಿತು, ನೆಟ್ಟನೆಯ ಕಂಬಗಳು ಮಾತ್ರ ಕೇಳುವಂತೆ ಮಾಡಿತು. ಹೋಂಡಾ ದುರಂತ ರಾತ್ರಿ ಒಂಬತ್ತಕ್ಕೆ ನಡೆದದ್ದರಿಂದ ಇರುಳಿನ ತಪ್ಪನ್ನು ಯಾರಾದರೂ ಎತ್ತಿದರೆ ಉತ್ತರ ಇದು: ಹತ್ತಿರದ ದೂರಕ್ಕೆ, ಇಪ್ಪತ್ತೈದು ಮೂವತ್ತು ಮೈಲಿಯೊಳಗೆ, ನೆಲದ ತರಂಗವೇ ಬಲವಾಗಿರುತ್ತದೆ. ಡೆಲ್ಫಿ ಬಂಡೆಗೆ ಬಡಿದದ್ದು ಠಾಣೆಯಿಂದ ಕೆಲವೇ ಮೈಲಿ ಉತ್ತರಕ್ಕೆ. ಬೇಲಿ, ದಡದಂಚು, ರಾತ್ರಿ ಮೂರನ್ನೂ ಕೂಡಿಸಿದರೂ ಐದೋ ಹತ್ತೋ ಡಿಗ್ರಿ ತಪ್ಪೀತು. ಉತ್ತರದಲ್ಲಿದ್ದವರನ್ನು ದಕ್ಷಿಣಕ್ಕೆ ಎತ್ತಿ ಹಾಕುವ ಶಕ್ತಿ ಅವುಗಳಿಗಿಲ್ಲ.

ಕೆಲವು ಡಿಗ್ರಿ ಎಂದರೆ ಏನು ಮಹಾ ಎಂದು ಓದುಗರು ಕೇಳಬಹುದು. ನಮ್ಮ ಬಾಯಿಲೆಕ್ಕ ಹೀಗಿತ್ತು: ಅರವತ್ತು ಮೈಲಿ ದೂರದಲ್ಲಿ ಒಂದು ಡಿಗ್ರಿ ತಪ್ಪಿದರೆ ಒಂದು ಮೈಲಿ ತಪ್ಪುತ್ತದೆ. ಮೂರು ಡಿಗ್ರಿ ತಪ್ಪಿದರೆ ಮೂರು ಮೈಲಿ. ಬಂಡೆಯ ಈಚೆ ಇದ್ದೀರೋ ಆಚೆಯೋ ಎಂಬ ಪ್ರಶ್ನೆ ಅಷ್ಟರಲ್ಲೇ ತೀರ್ಮಾನವಾಗುತ್ತದೆ. ಇನ್ನೂ ಕಿರಿದಾದ ಅಂಕಿಯ ಮೇಲೆ ಇತಿಹಾಸವೇ ತಿರುಗಿದ್ದೂ ಉಂಟು. 1916ರ ಮೇ ಕೊನೆಯಲ್ಲಿ ರೇಡಿಯೊ ತಜ್ಞ ಎಚ್.ಜೆ. ರೌಂಡ್ ಸಜ್ಜುಗೊಳಿಸಿದ ಇಂಗ್ಲೆಂಡಿನ ದಡದ ಠಾಣೆಗಳು ವಿಲ್ಹೆಲ್ಮ್ಸ್‌ಹಾಫೆನ್ ಬಂದರಿನಲ್ಲಿದ್ದ ಜರ್ಮನ್ ಹಡಗೊಂದರ ಬೇರಿಂಗ್ 1.5 ಡಿಗ್ರಿ ಸರಿದದ್ದನ್ನು ಹಿಡಿದವು. ಜರ್ಮನ್ ನೌಕಾಪಡೆ ಹೊರಗೆ ಬರುತ್ತಿದೆ ಎಂದು ಬ್ರಿಟಿಷರು ಅರ್ಥಮಾಡಿಕೊಂಡು ತಮ್ಮ ಹಡಗುಗಳನ್ನು ಹೊರಡಿಸಿದರು. ಮರುದಿನ ನಡೆದದ್ದು ಮೊದಲ ಮಹಾಯುದ್ಧದ ದೊಡ್ಡ ನೌಕಾಕದನ, ಜಟ್ಲೆಂಡ್ ಯುದ್ಧ. ಒಂದೂವರೆ ಡಿಗ್ರಿಯನ್ನು ನಂಬಿ ಇಡೀ ನೌಕಾಪಡೆಯನ್ನು ಕಡಲಿಗಿಳಿಸುವ ಧೈರ್ಯ ಬರಬೇಕಾದರೆ ಅದಕ್ಕೆ ಮುಂಚೆ ಯಾರೋ ಆ ಠಾಣೆಯ ತಪ್ಪನ್ನು ಅರ್ಧ ಡಿಗ್ರಿಗೂ ಬಿಡದೆ ಅಳೆದು ಇಟ್ಟಿರಬೇಕಲ್ಲವೆ?

ಹಡಗಿನ ಮೇಲಿನ ಡಿ.ಎಫ್. ಸೆಟ್ಟಿಗೂ, ಅಂದರೆ ರೇಡಿಯೊ ದಿಕ್ಕು ಹಿಡಿಯುವ ಸಾಧನಕ್ಕೂ ಇದೇ ನಿಯಮ. ಹಡಗಿನ ಕಬ್ಬಿಣದ ಒಡಲೇ ಅಲ್ಲಿ ದೊಡ್ಡ ಶತ್ರು. ಮೂತಿಯಿಂದ ಮತ್ತು ಪಕ್ಕೆಯಿಂದ ಬರುವ ದನಿಗೆ ತಪ್ಪು ಹೆಚ್ಚುಕಡಿಮೆ ಸೊನ್ನೆ, ನಡುವಿನ 45 ಡಿಗ್ರಿಗಳಲ್ಲಿ ಅತಿ ಹೆಚ್ಚು. ಡೆಕ್ಕಿನ ಮೇಲೆ ಆಂಟೆನಾವನ್ನೋ ಕಟ್ಟಡವನ್ನೋ ಕದಲಿಸಿದರೆ ಹೊಸದಾಗಿ ಪರೀಕ್ಷಿಸಬೇಕು, ಏನೂ ಬದಲಾಗದಿದ್ದರೂ ವರ್ಷಕ್ಕೊಮ್ಮೆ ತಾಳೆ ನೋಡಬೇಕು, ದಾಖಲೆ ಇಡಬೇಕು ಎಂದು ಅಂತಾರಾಷ್ಟ್ರೀಯ ಸುರಕ್ಷತಾ ಒಪ್ಪಂದವೇ ಹೇಳುತ್ತಿತ್ತು. ಅಂಗಡಿಯ ತಕ್ಕಡಿಗೆ ಕಾಲಕಾಲಕ್ಕೆ ಮುದ್ರೆ ಹಾಕಿಸುವಂತೆಯೇ ಇದು. ಮುದ್ರೆ ಹಾಕಿಸಲು ಅಂಗಡಿಯವರಿಗೆ ಎಷ್ಟು ಉತ್ಸಾಹವೋ ಹಡಗಿನ ಕಂಪನಿಗಳಿಗೂ ಅಷ್ಟೇ.

ಒಂದು ಪ್ರಸಂಗ ಹೇಳುತ್ತೇನೆ, ಕಂಪನಿಯ ಹೆಸರು ಬೇಡ. ಒಣ ಹಡಗುಕಟ್ಟೆಯಲ್ಲಿ ರಿಪೇರಿ ಮುಗಿಸಿ ಹೊರಟ ಹಡಗಿಗೆ ನನ್ನನ್ನು ಹಾಕಿದ್ದರು. ಬ್ರಿಡ್ಜಿನ ಹಿಂದೆ ಹೊಸದೊಂದು ಉಕ್ಕಿನ ಕಂಬ ಎದ್ದಿತ್ತು. ಡಿ.ಎಫ್. ಸೆಟ್ಟಿನ ಪಕ್ಕದ ಗೋಡೆಯಲ್ಲಿ ಗಾಜಿನಡಿ ತೂಗುಹಾಕಿದ್ದ ತಿದ್ದುಪಡಿ ಗೆರೆ ಹಳೆಯದು. ತಾರೀಖು ಮಾತ್ರ ಹೊಸದು. ಹಿಂದಿನ ವರ್ಷದ ಅಂಕಿಗಳನ್ನು ಹಾಗೆಯೇ ನಕಲು ಮಾಡಿ ಕೆಳಗೆ ಸಹಿಗೆ ಜಾಗ ಬಿಟ್ಟಿದ್ದರು, ನಾನು ಹಾಕಿದರೆ ಕೆಲಸ ಮುಗಿಯಿತು. ಹಡಗನ್ನು ಒಂದು ಸುತ್ತು ತಿರುಗಿಸಿ ಪರೀಕ್ಷಿಸಬೇಕು ಎಂದಾಗ ಕಂಪನಿಯ ಕಡೆಯಿಂದ ಬಂದಿದ್ದ ಅಧಿಕಾರಿ ಗಡಿಯಾರ ತೋರಿಸಿದರು. ಎಣ್ಣೆ ಎಷ್ಟು ಉರಿಯುತ್ತದೆ ಗೊತ್ತೆ ಎಂದರು. ನಾನು ಸಹಿ ಹಾಕಲಿಲ್ಲ. ಕ್ಯಾಪ್ಟನ್ ಒಳ್ಳೆಯ ಮನುಷ್ಯ; ಬಂದರು ಬಿಟ್ಟು ಹೊರಬರುವಾಗ ದಿಕ್ಕು ಹಿಡಿಯಲೆಂದೇ ಸಂಕೇತ ಕಳಿಸುವ ರೇಡಿಯೊ ಬೀಕನ್ ಇದ್ದ ದೀಪಸ್ತಂಭವೊಂದು ಬರಿಗಣ್ಣಿಗೆ ಕಾಣುತ್ತಿತ್ತು, ಅಲ್ಲಿ ಒಂದಿಷ್ಟು ಸಮಯ ಕೊಟ್ಟರು. ಮೇಲೆ ಸೆಕೆಂಡ್ ಮೇಟ್ ಕಂಪಾಸಿನಲ್ಲಿ ದೀಪಸ್ತಂಭವನ್ನು ನೋಡಿ ಕೂಗುವುದು, ಕೆಳಗೆ ನಾನು ಮುಖ್ಯ ಆಂಟೆನಾದ ಸ್ವಿಚ್ ಬೇರ್ಪಡಿಸಿ ಲೂಪಿನಲ್ಲಿ ದನಿ ಸಾಯಿಸುವುದು. ಮೂತಿಯ ಕಡೆಯ ಅಂಕಿಗಳು ಹಳೆಯ ಗೆರೆಗೆ ಸರಿಹೋದವು. ಹಿಂಭಾಗದ ಬಲ ಮೂಲೆಗೆ ಬಂದಾಗ ನಾಲ್ಕು ಡಿಗ್ರಿ ವ್ಯತ್ಯಾಸ. ಹೊಸ ಕಂಬ ನಿಂತಿದ್ದದ್ದು ಅದೇ ಮೂಲೆಯಲ್ಲಿ. ಆ ಹಾಳೆಯನ್ನು ಗಾಜಿನಿಂದ ತೆಗೆದು ಹೊಸ ಗೆರೆ ಹಾಕಿದೆ. ಮುಂದಿನ ಬಂದರಿನಲ್ಲಿ ನನ್ನ ಮೇಲೆ ಒಂದು ದೂರು ಕಾದಿತ್ತು, ಹಡಗನ್ನು ತಡಮಾಡಿಸಿದ್ದಕ್ಕೆ.

ಈಗ ಲೇಖನದ ಕೊನೆಯ ಸಾಲಿಗೆ ಬರುತ್ತೇನೆ. 'ಜಿಪಿಎಸ್ ಇರುವ ಇಂದಿನ ದಿನಗಳಲ್ಲಿ ಇಂಥ ಅನಾಹುತ ಕಲ್ಪನೆಗೂ ನಿಲುಕದು' ಎಂದು ಮುಗಿಸಿದ್ದಾರೆ. ನಮ್ಮ ಕರಾವಳಿಯ ಅದೆಷ್ಟೋ ಮನೆಗಳ ಮಕ್ಕಳು ಪರ್ಷಿಯನ್ ಕೊಲ್ಲಿಯಲ್ಲಿ, ಕೆಂಪು ಸಮುದ್ರದಲ್ಲಿ ಹಡಗಿನ ಮೇಲಿದ್ದಾರೆ. ಅವರಲ್ಲಿ ಒಬ್ಬರನ್ನು ಕೇಳಿದ್ದರೆ ಸಾಕಿತ್ತು. ಅಲ್ಲಿ ಜಿಪಿಎಸ್ ಸಂಕೇತವನ್ನು ಅಡ್ಡಗಟ್ಟುವುದು, ಸುಳ್ಳು ಸಂಕೇತ ಕಳಿಸುವುದು ಈಚಿನ ವರ್ಷಗಳಲ್ಲಿ ದಿನನಿತ್ಯದ ಮಾತಾಗಿದೆ. ಸಮುದ್ರದಲ್ಲಿ ಸಾಗುತ್ತಿರುವ ಹಡಗು ಪರದೆಯ ಮೇಲೆ ವಿಮಾನ ನಿಲ್ದಾಣದಲ್ಲಿ ನಿಂತಿರುವಂತೆ ಕಾಣುತ್ತದೆ. 2025ರ ಮೇ ತಿಂಗಳಲ್ಲಿ ಎಂಎಸ್‌ಸಿ ಆಂಟೋನಿಯಾ ಎಂಬ ಕಂಟೇನರ್ ಹಡಗು ಜೆಡ್ಡಾ ಬಳಿ ನೆಲ ಹತ್ತಿದಾಗ ಇಂಥದ್ದೇ ಅಡಚಣೆಯ ಮೇಲೆ ಅನುಮಾನ ಬಿದ್ದಿತು. ಪರದೆ ಹೇಳಿದ್ದನ್ನು ಪ್ರಶ್ನಿಸದೆ ನಂಬುವುದೂ, ಠಾಣೆ ಹೇಳಿದ್ದನ್ನು ನೋಡದೆ ತಳ್ಳುವುದೂ ಒಂದೇ ಜಾತಿಯ ತಪ್ಪುಗಳು: ಎರಡರಲ್ಲೂ ತಾಳೆ ನೋಡುವ ಕೆಲಸ ತಪ್ಪಿಹೋಗಿರುತ್ತದೆ.

ಹೀಗಾಗಿ ನೆಲದ ಮೇಲಿನ ರೇಡಿಯೊ ಸಾಧನಗಳನ್ನು ಮತ್ತೆ ತರಬೇಕೆಂಬ ಮಾತು ಹಲವು ದೇಶಗಳಲ್ಲಿ ಎದ್ದಿದೆ. ದಡದ ಠಾಣೆಗಳ ರೇಡಿಯೊ ಸಂಕೇತದಿಂದ ಹಡಗು ತಾನಿರುವ ಜಾಗ ತಿಳಿಯುವ ವ್ಯವಸ್ಥೆ ಲೊರಾನ್. ಅಮೆರಿಕ 2010ರಲ್ಲಿ ಅದನ್ನು ನಿಲ್ಲಿಸಿತು, ಬ್ರಿಟನ್ 2015ರ ಕೊನೆಗೆ ಅದರ ಸುಧಾರಿತ ರೂಪವಾದ ತನ್ನ ಇ-ಲೊರಾನ್ ಮುಚ್ಚಿತು. ಉಪಗ್ರಹ ಬಂದ ಮೇಲೆ ಇದೇಕೆ ಎಂದು ಅಂದು ಕೇಳಿದವರೇ ಈಗ ಅದರ ಮೊರೆ ಹೋಗುತ್ತಿದ್ದಾರೆ. ದೋಣಿ, ಹಡಗುಗಳು ಮಾತನಾಡುವ ವಿ.ಎಚ್.ಎಫ್. ರೇಡಿಯೊದ ದಿಕ್ಕನ್ನು ದಡದಿಂದ ಹಿಡಿಯುವ ಸಾಧನಗಳಂತೂ ಎಂದೂ ಪೂರ್ತಿ ಹೋಗಲಿಲ್ಲ. ಆಪತ್ತಿನಲ್ಲಿ ಕೂಗುವ ದೋಣಿ ಎಲ್ಲಿದೆ ಎಂದು ತಿಳಿಯಲು ಕರಾವಳಿ ಕಾವಲು ಪಡೆಗಳು, ಹಡಗು ಸಂಚಾರ ನೋಡಿಕೊಳ್ಳುವ ಕೇಂದ್ರಗಳು ಅವನ್ನು ಬಳಸುತ್ತವೆ. ಮಲ್ಪೆಯಿಂದಲೋ ಕಾರವಾರದಿಂದಲೋ ಹೋದ ಮೀನುಗಾರ ದೋಣಿಯ ಜಿಪಿಎಸ್ ಕೆಟ್ಟು, ಬ್ಯಾಟರಿಯಲ್ಲಿ ಮಾತನಾಡುವಷ್ಟು ಮಾತ್ರ ಜೀವ ಉಳಿದಿದ್ದರೆ, ಆ ಮಾತಿನ ದಿಕ್ಕೇ ಅವರಿಗಿರುವ ದಾರಿ.

ಇಂದು ಈ ಸಾಧನಗಳನ್ನು ಕ್ಯಾಲಿಬ್ರೇಟ್ ಮಾಡುವುದು ಬಹಳ ಸುಲಭವಾಗಿದೆ. ಜಿಪಿಎಸ್ ಇರುವ ಒಂದು ದೋಣಿಯನ್ನು ಸುತ್ತು ಹಾಕಿಸುತ್ತಾರೆ, ಅದು ತನ್ನ ಸ್ಥಾನವನ್ನು ತಾನೇ ಕಳಿಸುತ್ತದೆ, ಕಂಪ್ಯೂಟರ್ ಎರಡೂ ಅಂಕಿಗಳನ್ನು ಕಳೆದು ಗೆರೆ ಎಳೆಯುತ್ತದೆ. ಬಿಸಿಲಿನಲ್ಲಿ ನಿಲ್ಲಬೇಕಿಲ್ಲ, ಬಾವುಟ ಬೇಕಿಲ್ಲ. ನನ್ನ ತಕರಾರು ಇಲ್ಲೇ. ಜಿಪಿಎಸ್ ಕೈಕೊಟ್ಟಾಗ ಆಸರೆಯಾಗಬೇಕಾದ ಸಾಧನಕ್ಕೆ ಜಿಪಿಎಸ್‌ನಿಂದಲೇ ಸಾಕ್ಷಿ ಹೇಳಿಸುತ್ತಿದ್ದೇವೆ. ಪರೀಕ್ಷೆಯ ದಿನ ದೋಣಿಯ ಸ್ಥಾನ ಅರ್ಧ ಮೈಲಿ ಸುಳ್ಳಾಗಿದ್ದರೆ ಆ ಸುಳ್ಳು ಗೆರೆಯೊಳಗೆ ಸೇರಿ, ವರ್ಷವಿಡೀ ತಿದ್ದುಪಡಿಯ ಹೆಸರಿನಲ್ಲಿ ಪ್ರತಿ ಬೇರಿಂಗಿಗೂ ಅಂಟುತ್ತದೆ. ಥಿಯೊಡೊಲೈಟ್ ಇಂದೂ ಸಿಗುತ್ತದೆ, ರಸ್ತೆ ಅಳೆಯುವವರ ಬಳಿ ಅದಕ್ಕಿಂತ ಉತ್ತಮ ಉಪಕರಣಗಳೇ ಇವೆ. ಕಮಾನಿನ ನಾಲ್ಕೈದು ಕಡೆಯಾದರೂ ಕಣ್ಣಿನಿಂದ ನೋಡಿ ತಾಳೆ ಹಾಕುವುದಕ್ಕೆ ಅರ್ಧ ದಿನ ಸಾಕು.

ಪಕ್ಕದಲ್ಲಿ ಹೊಸ ಮೊಬೈಲ್ ಟವರ್ ಬಂದರೆ, ಕಟ್ಟಡದ ಮೇಲೆ ಸೌರಫಲಕದ ಉಕ್ಕಿನ ಚೌಕಟ್ಟು ನಿಲ್ಲಿಸಿದರೆ ಮತ್ತೆ ಮಾಡಬೇಕು. ಅದಕ್ಕೆ ದೋಣಿ, ಡೀಸೆಲ್, ಇಬ್ಬರು ನುರಿತವರು, ಒಂದು ತಿಳಿಯಾದ ದಿನ ಬೇಕು. ಯಂತ್ರ ಖರೀದಿಗೆ ಟೆಂಡರ್ ಕರೆಯುವಷ್ಟು ಸಂಭ್ರಮ ಇದಕ್ಕಿಲ್ಲ, ರಿಬ್ಬನ್ ಕತ್ತರಿಸಲು ಇಲ್ಲಿ ಏನೂ ಇಲ್ಲ. ಆದ್ದರಿಂದ ಖರ್ಚು ಕಡಿತ ಬಂದಾಗ ಮೊದಲು ಹಾರಿಹೋಗುವ ಬಾಬತ್ತು ಇದೇ.

ಸಂಪಾದಕರೇ, ನಿಮ್ಮ ಕರಾವಳಿ ವರದಿಗಾರರು ಇನ್ನೊಮ್ಮೆ ಇಂಥ ಯಾವುದಾದರೂ ಕೇಂದ್ರದ ಉದ್ಘಾಟನೆಗೆ ಹೋದರೆ, ಯಂತ್ರದ ಬೆಲೆ ಬರೆದುಕೊಂಡ ಮೇಲೆ ಇನ್ನೂ ಮೂರು ಸಂಗತಿ ಕೇಳಲಿ: ಎಷ್ಟರಿಂದ ಎಷ್ಟು ಡಿಗ್ರಿಯವರೆಗೆ ಕ್ಯಾಲಿಬ್ರೇಟ್ ಮಾಡಿದ್ದಾರೆ, ಕೊನೆಯ ಸಲ ಮಾಡಿದ್ದು ಯಾವ ತಾರೀಖು, ಅಂದು ದೋಣಿ ಎಲ್ಲಿದೆ ಎಂಬುದನ್ನು ಯಾವುದರಿಂದ ಗೊತ್ತುಮಾಡಿಕೊಂಡರು. ಸಿಕ್ಕ ಉತ್ತರವನ್ನು ಹಾಗೆಯೇ ಅಚ್ಚುಹಾಕಿ.

ಇಂತಿ,
ಹಡಗಿನ ನಿವೃತ್ತ ರೇಡಿಯೊ ಅಧಿಕಾರಿ
ಹೊನ್ನಾವರ